ತಂತಿ ಸುತ್ತಿನ ಹಳೆಯ ಡಿಮ್ಮರ್: ದೋಷ ಪತ್ತೆ ಮತ್ತು ನಿವಾರಣೆ

ವಿದ್ಯುತ್ ದೀಪವನ್ನು ಆರಿಸದೆ ಮೆಲ್ಲಗೆ ಮಂದಗೊಳಿಸಲು ರಂಗಭೂಮಿಯವರು ಮೊದಮೊದಲು ಬಳಸಿದ ಸಾಧನಗಳಲ್ಲಿ ರೋಧಕ ಡಿಮ್ಮರ್ ಮುಖ್ಯವಾದುದು. ಲಂಡನ್ನಿನ ಸವಾಯ್ ರಂಗಮಂದಿರವು 1881ರಲ್ಲಿ ಜೋಸೆಫ್ ಸ್ವಾನ್ ಅವರ ಸುಮಾರು 1,200 ತಂತು ದೀಪಗಳೊಂದಿಗೆ ಬೆಳಗಿದಾಗ, ಅಲ್ಲಿಯ ವೇದಿಕೆಯ ಬೆಳಕನ್ನು ಏರಿಸಿ ಇಳಿಸಿದ್ದು ರೋಧಕಗಳ ನೆರವಿನಿಂದಲೇ. 1960ರ ಆಸುಪಾಸಿನಲ್ಲಿ ಅರೆವಾಹಕ ಡಿಮ್ಮರುಗಳು ಬರುವವರೆಗೂ ಈ ಸಾಧನ ಜಗತ್ತಿನ ಅನೇಕ ರಂಗಮಂದಿರಗಳಲ್ಲಿ ದುಡಿಯಿತು. ಇಂದು ಅದು ಹಳೆಯ ಸಾಮಾನಿನ ಕೋಣೆಗಳಲ್ಲಿ, ಸಂಗ್ರಾಹಕರ ಮನೆಗಳಲ್ಲಿ ಉಳಿದಿದೆ. ನಮ್ಮ ಕಾಲೇಜುಗಳ ಭೌತಶಾಸ್ತ್ರ ಪ್ರಯೋಗಾಲಯದಲ್ಲಿರುವ, ಉದ್ದನೆಯ ಕೊಳವೆಗೆ ತಂತಿ ಸುತ್ತಿ ಮೇಲೆ ಸ್ಲೈಡರ್ ಕೂರಿಸಿದ ರಿಯೋಸ್ಟಾಟ್ ಕೂಡ ಇದೇ ವಂಶದ್ದು.

ಇದರ ಒಳಗೆ ಕೆಡುವಂಥದ್ದು ಬಹಳವಿಲ್ಲ. ಹೆಚ್ಚು ರೋಧವುಳ್ಳ ತಂತಿಯ ಒಂದು ಸುರುಳಿ, ಅದರ ಮೇಲೆ ಜಾರುವ ಒಂದು ಸ್ಪರ್ಶ ತುದಿ, ಎರಡೋ ಮೂರೋ ಟರ್ಮಿನಲ್ಲುಗಳು, ಇಷ್ಟೇ. ದೀಪದೊಡನೆ ಇದು ಸರಣಿಯಲ್ಲಿ ಸೇರಿರುತ್ತದೆ. ಹಿಡಿಯನ್ನು ಸರಿಸಿದಂತೆ ಹೆಚ್ಚು ಹೆಚ್ಚು ತಂತಿ ವಿದ್ಯುತ್ತಿನ ದಾರಿಗೆ ಬಂದು, ವೋಲ್ಟೇಜಿನ ಒಂದು ಪಾಲನ್ನು ತಾನು ನುಂಗಿ ಬಿಸಿಯಾಗುತ್ತದೆ. ಉಳಿದ ಪಾಲು ಮಾತ್ರ ದೀಪಕ್ಕೆ ತಲುಪುತ್ತದೆ. ಆದ್ದರಿಂದ ಎಷ್ಟು ಮಂದವಾಗಬೇಕೆಂಬುದನ್ನು ಡಿಮ್ಮರ್ ಒಂದೇ ನಿರ್ಧರಿಸುವುದಿಲ್ಲ, ಅದಕ್ಕೆ ಜೋಡಿಸಿದ ದೀಪವೂ ನಿರ್ಧರಿಸುತ್ತದೆ. ಈ ಸಾಧನದ ಮೇಲೆ ಬರುವ ದೂರುಗಳಲ್ಲಿ ಬಹಳಷ್ಟು ನಿಜವಾಗಿ ಡಿಮ್ಮರಿನ ದೋಷಗಳಲ್ಲ, ಹೊಂದದ ದೀಪದ ದೋಷಗಳು. ಒಳ್ಳೆಯ ಸ್ಥಿತಿಯಲ್ಲಿದ್ದ ಸುರುಳಿಯನ್ನು ಬಿಚ್ಚಿ ಹಾಳುಮಾಡುವ ಮೊದಲು ಈ ಮಾತನ್ನು ನೆನಪಿಡಬೇಕೆಂಬುದೇ ಈ ಕೈಪಿಡಿಯನ್ನು ಬರೆಯಲು ಕಾರಣ.

ಕೈ ಹಾಕುವ ಮೊದಲು

ಪ್ಲಗ್ ಕಿತ್ತು ಕಣ್ಣೆದುರಿಗೇ ಇಟ್ಟುಕೊಳ್ಳಿ. ಸ್ವಿಚ್ ಆರಿಸಿದರಷ್ಟೇ ಸಾಲದು. ಹಿಡಿಯನ್ನು ಕೊನೆಗೆ ತಳ್ಳಿ ದೀಪ ಆರಿದಂತೆ ಕಂಡರೂ ಪ್ರಯೋಗಾಲಯದ ರಿಯೋಸ್ಟಾಟಿನಲ್ಲಿ ವಿದ್ಯುತ್ ಮಂಡಲ ಕಡಿದಿರುವುದಿಲ್ಲ, ತಂತಿಯಲ್ಲೂ ಹೋಲ್ಡರಿನಲ್ಲೂ ವಿದ್ಯುತ್ ಇದ್ದೇ ಇರುತ್ತದೆ. ಸುರುಳಿ ಗಂಟೆಗಟ್ಟಲೆ ಉರಿದಿದ್ದರೆ ಕನಿಷ್ಠ ಅರ್ಧ ಗಂಟೆ ತಣ್ಣಗಾಗಲು ಬಿಡಿ.

ಸುರುಳಿ ಬಯಲಾಗಿರುವ ಪ್ರಯೋಗಾಲಯದ ರಿಯೋಸ್ಟಾಟನ್ನು 230 ವೋಲ್ಟಿನ ಮನೆಯ ವಿದ್ಯುತ್ತಿಗೆ ಜೋಡಿಸಲೇಬಾರದು. ಅದರ ಪ್ರತಿಯೊಂದು ಸುತ್ತೂ ಮುಟ್ಟಿದವರಿಗೆ ಅಪಾಯ. ರಂಗಭೂಮಿಗಾಗಿಯೇ ತಯಾರಾದ ಡಿಮ್ಮರಿಗೆ ರಂಧ್ರಗಳುಳ್ಳ ಲೋಹದ ಕವಚವಿರುತ್ತದೆ, ಆ ಕವಚಕ್ಕೆ ಅರ್ಥಿಂಗ್ ಇರಬೇಕು. ಪರೀಕ್ಷೆಗೆಂದು ವಿದ್ಯುತ್ ಕೊಡುವ ಸಾಕೆಟ್ಟಿಗೆ, ವಿದ್ಯುತ್ ಸೋರಿದೊಡನೆ ತಾನಾಗಿ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ರಕ್ಷಣೆ ಇದ್ದರೆ ಮಾತ್ರ ಮುಂದುವರಿಯಿರಿ.

ಇನ್ನೊಂದು ಎಚ್ಚರಿಕೆ ವಿದ್ಯುತ್ತಿಗೆ ಸಂಬಂಧಿಸಿದ್ದಲ್ಲ. ಹಳೆಯ ಡಿಮ್ಮರುಗಳ ಒಳತಂತಿಗಳ ಹೊದಿಕೆಯಲ್ಲೂ ಸುರುಳಿಯ ಹಿಂದಿನ ಹಲಗೆಯಲ್ಲೂ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಬಹಳ. ಬೂದು ಅಥವಾ ಬಿಳಿ ಬಣ್ಣದ, ನೂಲಿನಂತೆ ಎಳೆ ಎಳೆಯಾಗಿ ಬಿಡುವ, ಬೆಂಕಿಗೆ ಅಂಜದ ಹೊದಿಕೆ ಕಂಡರೆ ಅದನ್ನು ಉಜ್ಜಬೇಡಿ, ಊದಬೇಡಿ, ಗಾಳಿ ಪಂಪಿನಿಂದ ಧೂಳು ಹಾರಿಸಬೇಡಿ. ಅದರ ಎಳೆಗಳನ್ನು ಉಸಿರಾಡಿದರೆ ಆಗುವ ಶ್ವಾಸಕೋಶದ ಹಾನಿ ದಶಕಗಳ ನಂತರ ಕಾಣಿಸಿಕೊಳ್ಳುತ್ತದೆ. ಸಾಧನವನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬದಿಗಿಟ್ಟು, ಅಂಥ ಕೆಲಸ ಬಲ್ಲವರನ್ನು ಕರೆಯುವುದೇ ಸರಿ.

ಕೊನೆಯದಾಗಿ, ಗುರುತಿನ ಫಲಕವನ್ನು ಓದಿ. ಅದರಲ್ಲಿ ವೋಲ್ಟೇಜ್, ವಾಟ್ ಅಥವಾ ಓಮ್ ಮತ್ತು ಆಂಪಿಯರ್ ಬರೆದಿರುತ್ತದೆ. ಅಮೆರಿಕದಿಂದ ಬಂದ ಹಳೆಯ ಡಿಮ್ಮರುಗಳು 110ರಿಂದ 120 ವೋಲ್ಟಿಗಾಗಿ ಮಾಡಿದಂಥವು. ಅವನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಜೋಡಿಸಿದರೆ ದೀಪ ಸರಿಯಾಗಿ ಮಂದವಾಗುವುದಿಲ್ಲ, ಸುರುಳಿಯೂ ಮಿತಿಮೀರಿ ಕಾಯುತ್ತದೆ. ಫಲಕ ಅಳಿಸಿ ಹೋಗಿದ್ದರೆ, ಮುಂದೆ ಹೇಳುವ ರೋಧದ ಅಳತೆಯಿಂದ ಒಂದು ಅಂದಾಜಿಗೆ ಬರಬಹುದು.

ದೀಪ ಹೊತ್ತುವುದೇ ಇಲ್ಲ

ಮೊದಲ ಪರೀಕ್ಷೆಗೆ ಖರ್ಚಿಲ್ಲ: ಅದೇ ಬಲ್ಬನ್ನು ಡಿಮ್ಮರಿಲ್ಲದ ಇನ್ನೊಂದು ಹೋಲ್ಡರಿಗೆ ಹಾಕಿ ನೋಡಿ. ಅಲ್ಲಿಯೂ ಹೊತ್ತದಿದ್ದರೆ ಬಲ್ಬೇ ಸುಟ್ಟಿದೆ. ಹೊತ್ತಿದರೆ ಸಾಕೆಟ್ಟಿನಲ್ಲಿ ವಿದ್ಯುತ್ ಇದೆಯೇ, ಫ್ಯೂಸ್ ಸರಿಯಿದೆಯೇ, ಪ್ಲಗ್ಗಿನೊಳಗಿನ ತಂತಿ ಕಳಚಿದೆಯೇ ಎಂದು ಕ್ರಮವಾಗಿ ನೋಡಿ.

ಇವೆಲ್ಲ ಸರಿಯಿದ್ದರೆ ಪ್ಲಗ್ ಕಿತ್ತು, ಬಲ್ಬ್ ತೆಗೆದು, ಮಲ್ಟಿಮೀಟರನ್ನು ಓಮ್ ಅಳತೆಗೆ ತಿರುಗಿಸಿ, ಡಿಮ್ಮರಿನ ಎರಡು ಟರ್ಮಿನಲ್ಲುಗಳ ನಡುವೆ ಹಿಡಿಯಿರಿ. ಬಲ್ಬ್ ತೆಗೆಯದೆ ಅಳೆದರೆ ಇತರ ದಾರಿಗಳು ಸೇರಿಕೊಂಡು ಅಳತೆ ತಪ್ಪಾಗಬಹುದು. ಪೂರ್ಣ ಬೆಳಕಿನ ಕಡೆ ಹಿಡಿ ಇದ್ದಾಗ ಅಳತೆ ಸೊನ್ನೆಗೆ ಹತ್ತಿರವಿರಬೇಕು. ಕತ್ತಲೆಯ ಕಡೆ ಸರಿಸಿದಂತೆ ಅದು ಎಲ್ಲೂ ನೆಗೆಯದೆ ಏರುತ್ತ ಹೋಗಬೇಕು. ಎಲ್ಲ ಸ್ಥಾನಗಳಲ್ಲೂ ಮೀಟರ್ ಅನಂತವನ್ನೇ ತೋರಿದರೆ ಟರ್ಮಿನಲ್ಲಿನ ತಿರುಪು ಸಡಿಲವಾಗಿರುವುದು, ಸ್ಪರ್ಶ ತುದಿ ಸುರುಳಿಯನ್ನು ಮುಟ್ಟದಿರುವುದು, ಅಥವಾ ಸುರುಳಿಯ ತುದಿಯ ಜೋಡಣೆ ಮುರಿದಿರುವುದು, ಈ ಮೂರರಲ್ಲಿ ಒಂದು ಕಾರಣವಾಗಿರುತ್ತದೆ. ತಿರುಪನ್ನೇ ಮೊದಲು ನೋಡಿ. ಬಿಸಿಯಾಗಿ ತಣ್ಣಗಾಗಿ ಹಿಗ್ಗುತ್ತ ಕುಗ್ಗುತ್ತ ದಶಕಗಳನ್ನು ಕಳೆದ ಹಿತ್ತಾಳೆಯ ತಿರುಪುಗಳು ಸಡಿಲವಾಗುವುದು ಸಹಜ.

ಒಂದು ಹಂತದವರೆಗೆ ಹೊತ್ತುತ್ತದೆ, ಅದರಾಚೆ ಥಟ್ಟನೆ ಆರುತ್ತದೆ

ಈ ಲಕ್ಷಣ ನಿಖರವಾದುದು. ವಿದ್ಯುತ್ ಹರಿಯುವುದು ಸುರುಳಿಯ ಪೂರ್ಣ ಬೆಳಕಿನ ತುದಿಯಿಂದ ಸ್ಪರ್ಶ ತುದಿಯವರೆಗೆ ಮಾತ್ರ. ಹಿಡಿ ಕಡಿದ ಜಾಗಕ್ಕಿಂತ ಈಚೆ ಇರುವವರೆಗೂ ದೀಪ ಎಂದಿನಂತೆ ಉರಿಯುತ್ತದೆ, ಅದನ್ನು ದಾಟಿದ ಕ್ಷಣವೇ ಮಂಡಲ ಕಡಿಯುತ್ತದೆ. ಆದ್ದರಿಂದ ದೀಪ ಆರಿದ ಜಾಗವೇ ತಂತಿ ತುಂಡಾದ ಜಾಗ. ಪ್ಲಗ್ ಕಿತ್ತು ಆ ಜಾಗಕ್ಕೆ ಭೂತಗನ್ನಡಿ ಹಿಡಿದರೆ ಒಂದು ಸುತ್ತು ಉಳಿದವುಗಳಿಗಿಂತ ತುಸು ಎದ್ದಿರುವುದು, ಅದರ ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಕರಗಿ ಗಟ್ಟಿಯಾದ ಗುಂಡು, ಅದರ ಸುತ್ತ ಪಿಂಗಾಣಿಯ ಮೇಲೆ ಕಂದು ಕಲೆ ಕಾಣಿಸುತ್ತವೆ.

ಕಡಿದ ತಂತಿಯನ್ನು ಸೀಸದ ಬೆಸುಗೆಯಿಂದ ಸೇರಿಸುವ ಆಸೆ ಯಾರಿಗಾದರೂ ಬರುತ್ತದೆ. ಹಾಗೆ ಮಾಡಬೇಡಿ. ಕೆಲಸ ಮಾಡುವಾಗ ಸುರುಳಿ ಆ ಬೆಸುಗೆಯನ್ನು ಕರಗಿಸುವಷ್ಟು ಬಿಸಿಯಾಗಬಲ್ಲದು, ಕರಗಿದ ಸೀಸ ಪಕ್ಕದ ಸುತ್ತುಗಳನ್ನು ಒಂದಾಗಿಸುತ್ತದೆ. ಕಡಿತವು ಸುರುಳಿಯ ತೀರ ತುದಿಯಲ್ಲಿದ್ದರೆ ಒಂದು ಸುತ್ತು ಬಿಚ್ಚಿ ಟರ್ಮಿನಲ್ಲಿಗೆ ಮತ್ತೆ ಬಿಗಿದರೆ ಸಾಕು. ಮಧ್ಯದಲ್ಲಿದ್ದರೆ ಸುರುಳಿಯನ್ನು ಹೊಸದಾಗಿ ಸುತ್ತಿಸಬೇಕು, ಅದು ಮೋಟಾರ್ ರಿವೈಂಡಿಂಗ್ ಮಾಡುವ ಅನುಭವಿಗಳ ಕೆಲಸ.

ಅವರಿಗೆ ಒಪ್ಪಿಸುವಾಗ ಒಂದು ಮಾತನ್ನು ತಪ್ಪದೆ ಹೇಳಿ. ರಂಗಭೂಮಿಯ ಡಿಮ್ಮರಿನಲ್ಲಿ ಅನೇಕ ವೇಳೆ ತಂತಿಯ ದಪ್ಪ ಒಂದೇ ಸಮನಾಗಿರುವುದಿಲ್ಲ. ಹೆಚ್ಚು ಆಂಪಿಯರ್ ಹರಿಯುವ ಬೆಳಕಿನ ತುದಿಯಲ್ಲಿ ದಪ್ಪ ತಂತಿ, ಕತ್ತಲೆಯ ತುದಿಯತ್ತ ಹೋದಂತೆ ಸಣ್ಣ ತಂತಿ ಹಂತಹಂತವಾಗಿ ಬಳಕೆಯಾಗಿರುತ್ತದೆ. ಇದನ್ನು ಗಮನಿಸದೆ ಇಡೀ ಸುರುಳಿಯನ್ನು ಒಂದೇ ಸಣ್ಣ ತಂತಿಯಿಂದ ಸುತ್ತಿದರೆ ಬೆಳಕಿನ ತುದಿಯಲ್ಲಿ ಬಹಳ ಬೇಗ ಸುಡುತ್ತದೆ. ತಂತಿಯ ಲೋಹವೂ ಅದೇ ಇರಬೇಕು. ಪ್ರಯೋಗಾಲಯದವರು ಯುರೇಕಾ ಎಂದು ಕರೆಯುವ ತಾಮ್ರ ಮತ್ತು ನಿಕಲ್‌ನ ಮಿಶ್ರಲೋಹಕ್ಕೂ, 1906ರಲ್ಲಿ ಆಲ್ಬರ್ಟ್ ಮಾರ್ಷ್ ಪೇಟೆಂಟ್ ಪಡೆದ ನಿಕ್ರೋಮ್‌ಗೂ ಒಂದೇ ದಪ್ಪದಲ್ಲಿ ರೋಧ ಎರಡು ಪಟ್ಟಿನಷ್ಟು ಬೇರೆಯಾಗುತ್ತದೆ. ಇನ್ನು ತಂತಿಯನ್ನು ಗಾಜಿನಂಥ ಎನಾಮೆಲ್ಲಿನಲ್ಲಿ ಹುದುಗಿಸಿದ ದುಂಡು ತಟ್ಟೆಯ ಡಿಮ್ಮರುಗಳನ್ನು ಹೀಗೆ ರಿಪೇರಿ ಮಾಡಲಾಗದು, ತಟ್ಟೆಯನ್ನೇ ಬದಲಿಸಬೇಕಾಗುತ್ತದೆ.

ಹಿಡಿ ಸರಿಸುವಾಗ ಬೆಳಕು ಮಿಣುಕುತ್ತದೆ, ಕಿಡಿ ಹಾರುತ್ತದೆ

ಹಿಡಿಯನ್ನು ಒಂದೆಡೆ ನಿಲ್ಲಿಸಿದಾಗ ಬೆಳಕು ಸ್ಥಿರವಾಗಿದ್ದು, ಸರಿಸುವಾಗ ಮಾತ್ರ ಮಿಣುಕಿದರೆ ಸುರುಳಿ ಚೆನ್ನಾಗಿದೆ, ಸ್ಪರ್ಶ ಕೆಟ್ಟಿದೆ ಎಂದು ತಿಳಿಯಿರಿ. ಧೂಳು, ಮಸಿ, ತಂತಿಯ ಮೇಲೆ ಕಟ್ಟಿದ ಕಿಲುಬು ಇದಕ್ಕೆ ಕಾರಣ. ಪ್ಲಗ್ ಕಿತ್ತು ಹಿಡಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹತ್ತಿಪ್ಪತ್ತು ಬಾರಿ ಆಡಿಸಿದರೇ ಎಷ್ಟೋ ವೇಳೆ ಸರಿಹೋಗುತ್ತದೆ. ಹೋಗದಿದ್ದರೆ ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ಐಸೊಪ್ರೊಪಿಲ್ ಆಲ್ಕೊಹಾಲಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಸ್ಪರ್ಶ ತುದಿ ಓಡಾಡುವ ಜಾಡನ್ನು ಮಾತ್ರ ಒರೆಸಿ, ಅದು ಪೂರ್ತಿ ಆರಿದ ಮೇಲೆಯೇ ವಿದ್ಯುತ್ ಕೊಡಿ.

ಮರಳು ಕಾಗದ ಹಾಕಬೇಡಿ. ಒತ್ತೊತ್ತಾಗಿ ಸುತ್ತಿದ ಎಷ್ಟೋ ಸುರುಳಿಗಳಲ್ಲಿ ಒಂದು ಸುತ್ತನ್ನು ಇನ್ನೊಂದರಿಂದ ಬೇರ್ಪಡಿಸುವುದು ತಂತಿಯ ಮೇಲಿನ ತೆಳುವಾದ ಆಕ್ಸೈಡ್ ಪದರವೇ. ಅದು ಸ್ಪರ್ಶದ ಜಾಡಿನಲ್ಲಿ ಮಾತ್ರ ಸವೆದಿರಬೇಕು, ಬದಿಗಳಲ್ಲಿ ಉಳಿದಿರಬೇಕು. ಎಣ್ಣೆಯನ್ನೂ ಹಾಕಬೇಡಿ. ಹೊಲಿಗೆ ಯಂತ್ರದ ಎಣ್ಣೆಯಾಗಲಿ ಕೊಬ್ಬರಿ ಎಣ್ಣೆಯಾಗಲಿ ಸುರುಳಿಯ ಬಿಸಿಗೆ ಸೀದು, ಹೊಗೆಯಾಡಿ, ಮೊದಲಿಗಿಂತ ಗಟ್ಟಿಯಾದ ಮಸಿಯನ್ನು ಕಟ್ಟುತ್ತದೆ.

ಒರೆಸಿದ ಮೇಲೂ ಮಿಣುಕು ನಿಲ್ಲದಿದ್ದರೆ ಸ್ಪರ್ಶ ತುದಿ ಸವೆದಿರಬಹುದು ಅಥವಾ ಅದನ್ನು ಒತ್ತುವ ಸ್ಪ್ರಿಂಗ್ ಬಿಸಿಗೆ ಸೋತು ಮೆತ್ತಗಾಗಿರಬಹುದು. ಸ್ಪ್ರಿಂಗನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಅದು ಚುರುಕಾಗಿ ಹಿಂದಕ್ಕೆ ಬರಬೇಕು. ಎರಡನ್ನೂ ಬದಲಿಸಬಹುದು, ಆದರೆ ಸ್ಪರ್ಶ ತುದಿಯ ಅಗಲ ಹಳೆಯದರಷ್ಟೇ ಇರಬೇಕು. ಹಿಡಿ ಸರಿಸುವಾಗ ಸಣ್ಣ ನೀಲಿ ಕಿಡಿ ಕಾಣುವುದು ಅಪರೂಪವಲ್ಲ. ಕಿಡಿ ಉದ್ದವಾಗಿ ಎಳೆದುಕೊಂಡು ಹಿಡಿಯ ಹಿಂದೆಯೇ ಬರತೊಡಗಿದರೆ ಮಾತ್ರ ಅಲ್ಲಿಗೇ ನಿಲ್ಲಿಸಿ, ಸಾಧನವನ್ನು ಪರಿಣತರಿಗೆ ತೋರಿಸಿ. ಡಿಸಿ ವಿದ್ಯುತ್ತಿನಲ್ಲಿ ಇಂಥ ಕಿಡಿ ತಾನಾಗಿ ನಂದುವುದು ಇನ್ನೂ ಕಷ್ಟ.

ಹಿಡಿಯನ್ನು ಕೊನೆಗೆ ತಂದರೂ ದೀಪ ಪೂರ್ತಿ ಆರುವುದಿಲ್ಲ

ಅತಿ ಹೆಚ್ಚು ಕೇಳಿಬರುವ, ಅತಿ ಹೆಚ್ಚು ತಪ್ಪಾಗಿ ತಿಳಿಯುವ ದೂರು ಇದು. ಇದರಲ್ಲಿ ಸಾಮಾನ್ಯವಾಗಿ ಡಿಮ್ಮರಿನ ತಪ್ಪೇನೂ ಇರುವುದಿಲ್ಲ.

ಲೆಕ್ಕವನ್ನು ಒಮ್ಮೆ ಮಾಡಿ ನೋಡೋಣ. 230 ವೋಲ್ಟಿನ 1000 ವಾಟ್ ದೀಪ ಪೂರ್ಣವಾಗಿ ಉರಿಯುವಾಗ ಸುಮಾರು 4.35 ಆಂಪಿಯರ್ ಎಳೆಯುತ್ತದೆ. ಆಗ ಅದರ ರೋಧ ಸುಮಾರು 53 ಓಮ್. ಟಂಗ್‌ಸ್ಟನ್ ದೀಪದ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತಕ್ಕೆ ಅನುಗುಣವಾಗಿ ಬದಲಾಗುವುದರಿಂದ, ವೋಲ್ಟೇಜನ್ನು ಹತ್ತನೆಯ ಒಂದು ಪಾಲಿಗೆ, ಅಂದರೆ 23 ವೋಲ್ಟಿಗೆ ಇಳಿಸಿದರೆ ಬೆಳಕು ಸೊನ್ನೆಯೆಂದೇ ಹೇಳಬಹುದಾದಷ್ಟು ಕುಗ್ಗುತ್ತದೆ. ತಂತು ತಣ್ಣಗಾದಂತೆ ಅದರ ರೋಧವೂ ಇಳಿಯುವುದರಿಂದ ಆ ಸ್ಥಿತಿಯಲ್ಲೂ ಸುಮಾರು 1.2 ಆಂಪಿಯರ್ ಹರಿಯುತ್ತಿರುತ್ತದೆ. ಉಳಿದ 207 ವೋಲ್ಟನ್ನು ಡಿಮ್ಮರ್ ನುಂಗಬೇಕಾದರೆ ಅದರ ರೋಧ ಸುಮಾರು 170 ಓಮ್ ಇರಬೇಕು. ಅಂದರೆ ಉರಿಯುವ ದೀಪದ ರೋಧದ ಮೂರು ಪಟ್ಟಿಗಿಂತ ತುಸು ಹೆಚ್ಚು. ಫಲಕ ಅಳಿಸಿದ ಡಿಮ್ಮರಿನ ಪೂರ್ಣ ರೋಧವನ್ನು ಅಳೆದು ಮೂರೂಕಾಲರಿಂದ ಭಾಗಿಸಿದರೆ ಉರಿಯುವ ದೀಪದ ರೋಧ ಬಂದು, ಅದು ಎಂಥ ದೀಪಕ್ಕಾಗಿ ತಯಾರಾಗಿತ್ತೆಂಬ ಅಂದಾಜು ಸಿಗುವುದು ಹೀಗೆಯೇ.

ಇದೇ 170 ಓಮಿನ ಡಿಮ್ಮರಿಗೆ 100 ವಾಟಿನ ಬಲ್ಬ್ ಹಾಕಿದರೆ ಏನಾಗುತ್ತದೆ? ಆ ಬಲ್ಬಿನ ರೋಧ 529 ಓಮ್. ಹಿಡಿಯನ್ನು ಕೊನೆಯವರೆಗೆ ತಂದರೂ ಬಲ್ಬಿಗೆ ಸುಮಾರು 168 ವೋಲ್ಟ್ ತಲುಪುತ್ತಲೇ ಇರುತ್ತದೆ, ಬೆಳಕಿನ ಮೂರನೆಯ ಒಂದು ಪಾಲು ಉಳಿದೇ ಇರುತ್ತದೆ. ಡಿಮ್ಮರ್ ತನ್ನ ಕೆಲಸವನ್ನು ಪೂರ್ತಿಯಾಗಿ ಮಾಡಿದೆ. ಸಣ್ಣ ಬಲ್ಬಿನ ಮುಂದೆ ಅದರ 170 ಓಮ್ ಸಾಲದಾಗಿದೆ, ಅಷ್ಟೇ.

ಪರಿಹಾರ ಎರಡು. ಫಲಕದಲ್ಲಿ ಹೇಳಿದಷ್ಟು ವಾಟಿನ ದೀಪವನ್ನೇ ಹಾಕುವುದು ಮೊದಲನೆಯದು. ಅದು ಸಾಧ್ಯವಿಲ್ಲದಿದ್ದರೆ, ಕೊರತೆಯಾದಷ್ಟು ವಾಟಿನ ಇನ್ನೊಂದು ತಂತು ದೀಪವನ್ನು ವೇದಿಕೆಯ ದೀಪಕ್ಕೆ ಸಮಾಂತರವಾಗಿ ಜೋಡಿಸಿ, ನೋಡುಗರಿಗೆ ಕಾಣದ ಕಡೆ ಉರಿಯಲು ಬಿಡುವುದು ಎರಡನೆಯದು. ರೋಧಕ ಡಿಮ್ಮರುಗಳ ಕಾಲದ ರಂಗತಂತ್ರಜ್ಞರು ಈ ಉಪಾಯವನ್ನು ಸಾಕಷ್ಟು ಬಳಸಿದ್ದಾರೆ. ವಿದ್ಯುತ್ ಪೋಲಾಗುತ್ತದೆ ಎಂಬುದು ನಿಜ, ಆದರೆ ಹಳೆಯ ಸಾಧನದ ಸುರುಳಿಯನ್ನು ಮುಟ್ಟದೆ ಅದರಿಂದ ಸರಿಯಾದ ಕೆಲಸ ತೆಗೆಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ಆ ದೀಪದ ಬಿಸಿಗೆ ಪರದೆಯೋ ಬಟ್ಟೆಯೋ ತಾಗದಂತೆ ಇಡಬೇಕು.

ಇದಕ್ಕೆ ತಿರುವಾದ ಲಕ್ಷಣವೂ ಉಂಟು. ಹಿಡಿ ಅರ್ಧ ದಾರಿ ಸಾಗುವ ಮೊದಲೇ ದೀಪ ಕತ್ತಲಾದರೆ, ಡಿಮ್ಮರ್ ಹೊರಬೇಕಾದುದಕ್ಕಿಂತ ಹೆಚ್ಚಿನ ವಾಟ್ ಅದರ ಮೇಲೆ ಬಿದ್ದಿದೆ. ಇದು ಬರೀ ಅನನುಕೂಲವಲ್ಲ, ಸುರುಳಿ ಸುಡುವ ಸೂಚನೆ. ಕೂಡಲೇ ಭಾರ ಇಳಿಸಿ.

ಸ್ಲೈಡರ್ ಎಲ್ಲಿಗೆ ಸರಿಸಿದರೂ ಬೆಳಕು ಬದಲಾಗುವುದೇ ಇಲ್ಲ

ಮೂರು ಟರ್ಮಿನಲ್ಲುಗಳ ರಿಯೋಸ್ಟಾಟಿನಲ್ಲಿ ಇದು ಬಹುಪಾಲು ಜೋಡಣೆಯ ತಪ್ಪು. ಸುರುಳಿಯ ಎರಡು ತುದಿಗಳ ಕೆಳಗಿನ ಟರ್ಮಿನಲ್ಲುಗಳಿಗೇ ಎರಡೂ ತಂತಿಗಳನ್ನು ಬಿಗಿದರೆ ಇಡೀ ಸುರುಳಿ ಸದಾ ದಾರಿಯಲ್ಲಿರುತ್ತದೆ, ಸ್ಲೈಡರ್ ಸುಮ್ಮನೆ ಮೇಲೆ ಓಡಾಡುತ್ತದೆ. ಒಂದು ತಂತಿ ಕೆಳಗಿನ ಟರ್ಮಿನಲ್ಲಿಗೆ, ಇನ್ನೊಂದು ಸ್ಲೈಡರ್ ಓಡಾಡುವ ಮೇಲಿನ ಸರಳಿನ ಟರ್ಮಿನಲ್ಲಿಗೆ ಇರಬೇಕು. ಕೆಳಗಿನ ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಕೆಲಸ ನಡೆಯುತ್ತದೆ, ಸರಿಸುವ ದಿಕ್ಕು ಮಾತ್ರ ಹಿಂದುಮುಂದಾಗುತ್ತದೆ.

ಜೋಡಣೆ ಸರಿಯಿದ್ದೂ ಬೆಳಕು ಬದಲಾಗದಿದ್ದರೆ ಬಲ್ಬನ್ನು ನೋಡಿ. ಎಲ್‌ಇಡಿ ಬಲ್ಬಾಗಿದ್ದರೆ ಅದೇ ಕಾರಣ. ಅದರೊಳಗಿನ ಡ್ರೈವರ್ ಮಂಡಲವು ಒಳಬರುವ ವೋಲ್ಟೇಜ್ ಇಳಿದರೂ ಬೆಳಕನ್ನು ಸ್ಥಿರವಾಗಿಡಲೆಂದೇ ಮಾಡಿದ್ದು. ಅದು ಎಳೆಯುವ ಆಂಪಿಯರ್ ಕೂಡ ಎಷ್ಟು ಕಡಿಮೆಯೆಂದರೆ, ಡಿಮ್ಮರ್ ನುಂಗುವ ವೋಲ್ಟೇಜ್ ಗಣನೆಗೇ ಬರುವುದಿಲ್ಲ. ಹೆಚ್ಚು ರೋಧದ ಡಿಮ್ಮರಾದರೆ ಕೊನೆಯಲ್ಲಿ ಮಿಟುಕಿ ಆರಬಹುದು. ಈ ಡಿಮ್ಮರುಗಳಿಗೆ ತಂತು ಬಲ್ಬ್ ಅಥವಾ ಹ್ಯಾಲೋಜನ್ ದೀಪವೇ ಬೇಕು.

ಪೂರ್ಣ ಬೆಳಕು ಬರುವುದಿಲ್ಲ

ಹಿಡಿ ನಿಜವಾಗಿ ತುದಿಯನ್ನು ಮುಟ್ಟುತ್ತಿದೆಯೇ ಎಂದು ಮೊದಲು ನೋಡಿ. ಮಧ್ಯೆ ಕಸ ಸಿಕ್ಕಿರಬಹುದು, ತಡೆಗುಬ್ಬಿ ಬಾಗಿರಬಹುದು. ವೋಲ್ಟೇಜ್ ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಳಕಿನ ಹತ್ತರಲ್ಲಿ ಮೂರು ಪಾಲು ಹೋಗುತ್ತದೆಂಬುದನ್ನು ನೆನೆದರೆ, ಸಡಿಲವಾದ ಒಂದೇ ತಿರುಪು ಎಷ್ಟು ಮಂಕು ತರಬಹುದೆಂದು ತಿಳಿಯುತ್ತದೆ. ಪೂರ್ಣ ಬೆಳಕಿನ ಸ್ಥಾನದಲ್ಲಿ ಡಿಮ್ಮರಿನ ಎರಡು ಟರ್ಮಿನಲ್ಲುಗಳ ನಡುವಿನ ವೋಲ್ಟೇಜ್ ಬಹುತೇಕ ಸೊನ್ನೆಯಿರಬೇಕು. ವಿದ್ಯುತ್ ಇರುವಾಗ ಮಾಡಬೇಕಾದ ಈ ಅಳತೆಯನ್ನು ಅಭ್ಯಾಸವುಳ್ಳ ಎಲೆಕ್ಟ್ರಿಷಿಯನ್ನರಿಗೆ ಬಿಡಿ. ನಾಲ್ಕೈದು ವೋಲ್ಟಿಗಿಂತ ಹೆಚ್ಚು ಕಂಡರೆ ತುದಿಯ ಸ್ಪರ್ಶವನ್ನೂ ತಿರುಪುಗಳನ್ನೂ ಸರಿಪಡಿಸಬೇಕು. ಸೊನ್ನೆಯೇ ಕಂಡರೆ ಡಿಮ್ಮರಿನ ತಪ್ಪಿಲ್ಲ, ಸಾಕೆಟ್ಟಿನ ವೋಲ್ಟೇಜೇ ಕಡಿಮೆಯಿದೆ ಅಥವಾ ಬಲ್ಬಿನ ಗಾಜು ಒಳಗಿನಿಂದ ಕಪ್ಪಾಗಿದೆ.

ಮಂದವಾದಾಗ ಬೆಳಕು ಹಳದಿಯಾಗಿ, ಆಮೇಲೆ ಕೆಂಪಾಗಿ ತಿರುಗುವುದು ದೋಷವಲ್ಲ. ತಂತುವಿನ ಉಷ್ಣತೆ ಇಳಿದಂತೆ ಹಾಗೆಯೇ ಆಗಬೇಕು.

ಡಿಮ್ಮರ್ ವಿಪರೀತ ಬಿಸಿಯಾಗುತ್ತದೆ, ವಾಸನೆ ಬರುತ್ತದೆ

ಬಿಸಿಯಾಗುವುದು ಇದರ ಧರ್ಮ. ಮೇಲೆ ಹೇಳಿದ 1000 ವಾಟಿನ ದೀಪವನ್ನು ಮಂದಗೊಳಿಸುವಾಗ, ದೀಪಕ್ಕೆ ಐದರಲ್ಲಿ ಎರಡು ಪಾಲು ವೋಲ್ಟೇಜ್ ತಲುಪುವ ಸ್ಥಾನದ ಸುತ್ತಮುತ್ತ ಸುರುಳಿಯಲ್ಲಿ ಸುಮಾರು 360 ವಾಟ್ ಶಾಖವಾಗುತ್ತದೆ. ಪೂರ್ಣ ಬೆಳಕಿನಲ್ಲಿ ಸುರುಳಿ ಬಹುಮಟ್ಟಿಗೆ ತಣ್ಣಗಿರುತ್ತದೆ, ಕತ್ತಲೆಯ ಕೊನೆಯಲ್ಲೂ ಶಾಖ ತಕ್ಕಮಟ್ಟಿಗೆ ಇಳಿಯುತ್ತದೆ. ಆದ್ದರಿಂದ ಬಿಸಿಯನ್ನು ಪರೀಕ್ಷಿಸಬೇಕಾದದ್ದು ದೀಪ ಮಂದವಾಗಿ ಕೆಂಪಗೆ ಉರಿಯುವಾಗ.

ಬಹಳ ಕಾಲದ ಮೇಲೆ ಮೊದಲ ಸಲ ಹಚ್ಚಿದಾಗ ಧೂಳು ಸುಡುವ ವಾಸನೆ ಕೆಲವು ನಿಮಿಷ ಬಂದು ನಿಂತರೆ ಆತಂಕ ಬೇಡ. ವಾಸನೆ ನಿಲ್ಲದೆ ಹೆಚ್ಚುತ್ತ ಹೋದರೆ, ರಬ್ಬರ್ ಅಥವಾ ಬಟ್ಟೆ ಸುಟ್ಟ ಕಮಟಿದ್ದರೆ, ಹೊಗೆ ಕಂಡರೆ, ಸುರುಳಿಯ ಯಾವುದೇ ಭಾಗ ಕತ್ತಲಲ್ಲಿ ಕೆಂಪಗೆ ಹೊಳೆದರೆ ತಕ್ಷಣ ಪ್ಲಗ್ ಕೀಳಿ. ಸುರುಳಿ ಉದ್ದಕ್ಕೂ ಕೆಂಪಾದರೆ ಭಾರ ಹೆಚ್ಚಾಗಿದೆ. ಒಂದೇ ಚುಕ್ಕೆಯಲ್ಲಿ ಕೆಂಪಾದರೆ ಅಲ್ಲಿ ತಂತಿ ಸವೆದು ತೆಳುವಾಗಿದೆ, ಇಂದೋ ನಾಳೆಯೋ ಕಡಿಯುತ್ತದೆ. ಟರ್ಮಿನಲ್ ಮಾತ್ರ ಸುಡುವಷ್ಟು ಬಿಸಿಯಾಗಿದ್ದರೆ ತಿರುಪು ಸಡಿಲವಿದೆ. ಕವಚದ ರಂಧ್ರಗಳನ್ನು ಮುಚ್ಚದೆ, ಸುತ್ತಲೂ ಒಂದಡಿಯಷ್ಟಾದರೂ ಖಾಲಿ ಬಿಟ್ಟು, ಮರದ ಹಲಗೆಯ ಮೇಲಾಗಲಿ ಪರದೆಯ ಬಳಿಯಾಗಲಿ ಇಡದೆ ನಡೆಸುವುದು ಅಗತ್ಯ.

ಫ್ಯೂಸ್ ಹೋಗುತ್ತದೆ

ತಣ್ಣಗಿರುವ ತಂತುವಿನ ರೋಧ ಉರಿಯುವಾಗಿನ ರೋಧದ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಹಿಡಿಯನ್ನು ಪೂರ್ಣ ಬೆಳಕಿನಲ್ಲಿಟ್ಟು ಸ್ವಿಚ್ ಹಾಕಿದರೆ ಒಂದು ಕ್ಷಣ ಹತ್ತು ಪಟ್ಟಿಗೂ ಮೀರಿ ವಿದ್ಯುತ್ ನುಗ್ಗಬಹುದು. ಹಿಡಿಯನ್ನು ಕತ್ತಲೆಯ ಕಡೆಯಿಟ್ಟು ಸ್ವಿಚ್ ಹಾಕಿ, ನಿಧಾನವಾಗಿ ಏರಿಸಿ. ಆಗಲೂ ಫ್ಯೂಸ್ ಹೋದರೆ ಕೇಬಲ್ಲಿನಲ್ಲಿ ಅಥವಾ ಹೋಲ್ಡರಿನಲ್ಲಿ ಶಾರ್ಟ್ ಇದೆ. ದಪ್ಪ ಫ್ಯೂಸ್ ತಂತಿ ಹಾಕಿ ಸಮಾಧಾನಪಡಬೇಡಿ.

ಕವಚದಲ್ಲಿ ಅಥವಾ ಹಿಡಿಯಲ್ಲಿ ಷಾಕ್ ಹೊಡೆಯುತ್ತದೆ

ಇಲ್ಲಿಂದ ಮುಂದೆ ಮನೆಮದ್ದಿಲ್ಲ. ಜುಮ್ಮೆಂದಷ್ಟೇ ಅನಿಸಿದರೂ, ಟೆಸ್ಟರ್ ಮಂದವಾಗಿ ಹೊಳೆದಷ್ಟೇ ಆದರೂ ಪ್ಲಗ್ ಕಿತ್ತು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ಅವರು ಅರ್ಥಿಂಗ್ ತಂತಿ ಕವಚದವರೆಗೂ ಕಡಿಯದೆ ಬಂದಿದೆಯೇ ಎಂದು ನೋಡಿ, 500 ವೋಲ್ಟಿನ ಮೆಗ್ಗರಿನಿಂದ ಸುರುಳಿಗೂ ಕವಚಕ್ಕೂ ನಡುವಿನ ನಿರೋಧವನ್ನು ಅಳೆಯುತ್ತಾರೆ. ಅದು 1 ಮೆಗಾಓಮಿಗಿಂತ ಕಡಿಮೆಯಿದ್ದರೆ ಸಾಧನವನ್ನು ಬಳಸಬಾರದು. ಮಳೆಗಾಲದ ತೇವ ಹೀರಿದ ಹಲಗೆಯಿಂದಲೂ ಹೀಗಾಗುತ್ತದೆ. ಒಣಗಿಸಿದ ಮೇಲೆ ಅಳತೆ ಏರಿದರೆ ಸುರುಳಿ ಉಳಿಯುತ್ತದೆ.

ಡಿಮ್ಮರ್ ಫೇಸ್ ತಂತಿಯಲ್ಲಿದೆಯೇ ಎಂಬುದನ್ನೂ ಆಗಲೇ ನೋಡಿಸಿ. ತಪ್ಪಿ ನ್ಯೂಟ್ರಲ್ಲಿನಲ್ಲಿದ್ದರೆ ದೀಪ ಆರಿದ ಮೇಲೂ ಹೋಲ್ಡರಿಗೆ ಫೇಸ್ ಬರುತ್ತಿರುತ್ತದೆ, ಬಲ್ಬ್ ಬದಲಿಸುವವರ ಕೈಗೆ ಅದು ಸಿಗುತ್ತದೆ.

ಉಪ್ಪುನೀರಿನ ಡಿಮ್ಮರಾಗಿದ್ದರೆ

ತಂತಿಯ ಬದಲು ನೀರನ್ನೇ ರೋಧಕವಾಗಿ ಬಳಸಿದ ಡಿಮ್ಮರುಗಳೂ ರಂಗಭೂಮಿಯಲ್ಲಿದ್ದವು. ಗಾಜಿನ ಜಾಡಿ ಅಥವಾ ಮೆರುಗಿನ ಮಣ್ಣಿನ ಕೊಳವೆಯಲ್ಲಿ ಉಪ್ಪುನೀರು, ತಳದಲ್ಲಿ ಸ್ಥಿರವಾದ ಒಂದು ಲೋಹದ ತಟ್ಟೆ, ಮೇಲಿನಿಂದ ಹಗ್ಗದಲ್ಲಿ ಇಳಿಬಿಟ್ಟ ಇನ್ನೊಂದು. ತಟ್ಟೆಗಳು ಹತ್ತಿರವಾದಂತೆ ಬೆಳಕು ಏರುತ್ತಿತ್ತು.

ಇದರ ಲಕ್ಷಣಗಳೇ ಬೇರೆ. ತಟ್ಟೆಯನ್ನು ಅಲುಗಿಸದಿದ್ದರೂ ಹೊತ್ತು ಕಳೆದಂತೆ ಬೆಳಕು ತಾನಾಗಿ ಏರಿದರೆ ನೀರು ಬಿಸಿಯಾಗಿದೆ. ಉಪ್ಪುನೀರಿನ ವಾಹಕತೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 2ರಷ್ಟು ಹೆಚ್ಚುತ್ತದೆ. ತಟ್ಟೆಗಳು ದೂರವಿದ್ದರೂ ದೀಪ ಮಂದವಾಗದಿದ್ದರೆ ಉಪ್ಪು ಹೆಚ್ಚಾಗಿದೆ. ತಟ್ಟೆಗಳು ಕೂಡುವಷ್ಟು ಹತ್ತಿರವಾದರೂ ಬೆಳಕು ಏರದಿದ್ದರೆ ಅವುಗಳ ಮೇಲೆ ಪೊರೆ ಕಟ್ಟಿದೆ. ಮೇಲಿನ ತಟ್ಟೆ ಕಿಡಿಯೊಂದಿಗೆ ಥಟ್ಟನೆ ದೀಪವನ್ನು ಆರಿಸಿದರೆ ನೀರು ಆವಿಯಾಗಿ ಮಟ್ಟ ಇಳಿದು ತಟ್ಟೆ ಹೊರಬಂದಿದೆ. ಬ್ಲೀಚಿಂಗ್ ಪುಡಿಯಂಥ ವಾಸನೆ ಬಂದರೆ ಅದು ಕ್ಲೋರಿನ್, ಡಿಸಿ ವಿದ್ಯುತ್ತಿನಲ್ಲಿ ಅದು ಹೆಚ್ಚು. ಜೊತೆಗೆ ಹುಟ್ಟುವ ಹೈಡ್ರೋಜನ್ ಕಿಡಿಗೆ ಹೊತ್ತಿಕೊಳ್ಳಬಲ್ಲದು.

ಇಂಥದನ್ನು ಇಂದು ಮನೆಯ ವಿದ್ಯುತ್ತಿಗೆ ಜೋಡಿಸಿ ದುರಸ್ತಿ ಮಾಡುವ ಪ್ರಶ್ನೆಯೇ ಇಲ್ಲ. ಜಾಡಿಯ ನೀರು, ಹಗ್ಗದ ತೇವ, ಚೆಲ್ಲಿದ ಹನಿ ಎಲ್ಲವೂ ಪ್ರಾಣಾಪಾಯ. ವಿದ್ಯಾರ್ಥಿಗಳಿಗೆ ತತ್ತ್ವವನ್ನು ತೋರಿಸಬೇಕಿದ್ದರೆ, ಎರಡು ಪ್ರತ್ಯೇಕ ಸುರುಳಿಗಳುಳ್ಳ 12 ವೋಲ್ಟಿನ ಎಸಿ ಟ್ರಾನ್ಸ್‌ಫಾರ್ಮರ್, ವಾಹನದ 12 ವೋಲ್ಟ್ 21 ವಾಟಿನ ಬಲ್ಬ್, ಗಾಜಿನ ಪಾತ್ರೆ ಮತ್ತು ಎರಡು ಇಂಗಾಲದ ಕಡ್ಡಿಗಳು ಸಾಕು. ಉಪ್ಪಿನ ಬದಲು ವಾಷಿಂಗ್ ಸೋಡ ಕರಗಿಸಿದರೆ ಕ್ಲೋರಿನ್ನಿನ ತೊಂದರೆ ಇರುವುದಿಲ್ಲ. ಕಿಟಕಿ ತೆರೆದಿಟ್ಟು, ಕೆಲವೇ ನಿಮಿಷ ನಡೆಸಿ, ಮೊದಲು ಟ್ರಾನ್ಸ್‌ಫಾರ್ಮರಿನ ಪ್ಲಗ್ ಕಿತ್ತು ಆಮೇಲೆ ಕಡ್ಡಿಗಳನ್ನು ನೀರಿನಿಂದ ಹೊರತೆಗೆಯಿರಿ.